ರೆಫರೆನ್ಸ್ ವ್ಯಾಲ್ಯೂಗೆ "ಓರಗೆ ಅಳತೆ" ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ. ಮಕ್ಕಳಿಗೆ ಮಾಡೋ ಸ್ಪೈರೋಮೆಟ್ರಿ, ಅಂದ್ರೆ ಶ್ವಾಸಕೋಶದ ಊದೋ ಟೆಸ್ಟ್ ಬಗ್ಗೆ ಅಪ್ಪ ಅಮ್ಮಂದಿರಿಗೆ ಒಂದು ಕರಪತ್ರ ಬರೀತಿದೀನಿ, ಮೂರು ದಿನದಿಂದ ಒಂದೇ ಪದದ ಹತ್ರ ನಿಂತುಬಿಟ್ಟಿದೀನಿ. ರೆಫರೆನ್ಸ್ ವ್ಯಾಲ್ಯೂ.

ಮಗು ಮೂಗಿಗೆ ಕ್ಲಿಪ್ ಹಾಕ್ಕೊಂಡು, ತುಟಿ ಬಿಗಿಹಿಡಿದು ಕೊಳವೆಗೆ ಜೋರಾಗಿ ಊದುತ್ತೆ, ಸ್ಕ್ರೀನ್ ಮೇಲಿನ ಮೇಣದಬತ್ತಿ ಒಂದೊಂದೇ ಆರುತ್ತೆ, ಆಮೇಲೆ ರಿಪೋರ್ಟು. ಮೊದಲ ಸೆಕೆಂಡಲ್ಲಿ ಊದಿದ್ದು 1.36 ಲೀಟರ್, ಪ್ರೆಡಿಕ್ಟೆಡ್ 1.60, ಪಕ್ಕದಲ್ಲಿ 85 ಪರ್ಸೆಂಟ್ ಅಂತಿರುತ್ತೆ ಅಂದ್ಕೊಳ್ಳಿ. ಈ ಪ್ರೆಡಿಕ್ಟೆಡ್ ಅನ್ನೋದೇ ಆ ರೆಫರೆನ್ಸ್ ವ್ಯಾಲ್ಯೂ, ಅದನ್ನ "ಇರಬೇಕಾದ ಪ್ರಮಾಣ" ಅಂತ ಕನ್ನಡ ಮಾಡಿದ್ದು ನೋಡಿದೀನಿ, ನೋಡಿ ತುಂಬ ಬೇಜಾರಾಯ್ತು. ಓದಿದ ತಾಯಿ ನನ್ನ ಮಗೂಗೆ ನೂರಕ್ಕೆ ಹದಿನೈದು ಪಾಲು ಉಸಿರೇ ಕಮ್ಮಿ ಅಂತ ಹೆದರ್ಕೊಳ್ಳಲ್ವಾ? ಅದು ಅದೇ ವಯಸ್ಸು, ಅದೇ ಎತ್ತರದ ಆರೋಗ್ಯವಂತ ಮಕ್ಕಳ ಸರಾಸರಿ ಅಷ್ಟೇ, ಅವರಲ್ಲೂ ಹತ್ತಿರಹತ್ತಿರ ಅರ್ಧ ಜನ ಅದಕ್ಕಿಂತ ಕೆಳಗೇ ಇರ್ತಾರೆ.

"ಉಲ್ಲೇಖ ಮೌಲ್ಯ" ಅಂದ್ರೆ ಯಾವ್ದೋ ಪುಸ್ತಕದ ಮಾತು ಎತ್ತಿ ಹೇಳಿದ ಹಾಗಿದೆ. "ಪ್ರಮಾಣಿತ" ಅಂದ್ರೆ ಸೀಲು ಹೊಡೆದ ಹಾಗೆ. ನನಗೆ ಹೊಳೆದದ್ದು "ಓರಗೆ ಅಳತೆ". ಓರಗೆಯವರು, ಓರಗೆಯ ಮಕ್ಕಳು ಅಂತೀವಲ್ಲ, ಅದು.

ಈ ಪದ ಇಟ್ಟ ತಕ್ಷಣ ಯಾರ ಓರಗೆ ಅನ್ನೋ ಪ್ರಶ್ನೆ ತಾನಾಗೇ ಬರುತ್ತೆ, ಬರಲೇಬೇಕು ಕೂಡ. ಜಿಎಲ್‌ಐ, ಅಂದ್ರೆ ಗ್ಲೋಬಲ್ ಲಂಗ್ ಫಂಕ್ಷನ್ ಇನಿಶಿಯೇಟಿವ್ ಅನ್ನೋ ಅಂತರರಾಷ್ಟ್ರೀಯ ಸಂಶೋಧಕರ ಗುಂಪಿನವರು 2012ರಲ್ಲಿ 3ರಿಂದ 95 ವರ್ಷದವರೆಗಿನ 74 ಸಾವಿರಕ್ಕೂ ಹೆಚ್ಚು ಜನರ ಅಳತೆ ಸೇರಿಸಿ ಈ ಪ್ರೆಡಿಕ್ಟೆಡ್ ಲೆಕ್ಕ ಹಾಕೋ ಸಮೀಕರಣ ಮಾಡಿದ್ರು, ಅದರಲ್ಲಿ ಬಿಳಿಯರು, ಆಫ್ರಿಕನ್ ಅಮೆರಿಕನ್ನರು, ಈಶಾನ್ಯ ಏಷ್ಯಾದವರು, ಆಗ್ನೇಯ ಏಷ್ಯಾದವರು ಅಂತ ನಾಲ್ಕು ಗುಂಪು, ಉಳಿದವರೆಲ್ಲ "ಇತರೆ" ಅನ್ನೋ ಒಂದೇ ಬುಟ್ಟಿಗೆ. 2022ರಲ್ಲಿ ಆ ಗುಂಪುಗಳನ್ನೇ ತೆಗೆದು ಎಲ್ಲರಿಗೂ ಒಂದೇ ಸಮೀಕರಣ ಬಂತು. ಹಂಗಂತ ಅದು ಎಲ್ಲಾ ಕಡೆ ಮಕ್ಕಳಿಗೂ ಸರಿಹೊಂದುತ್ತೆ ಅನ್ನಕ್ಕಾಗಲ್ಲ. ಒಂದೇ ಎತ್ತರದ ಇಬ್ಬರಲ್ಲಿ ಒಬ್ಬಂದು ಕಾಲು ಉದ್ದ, ಇನ್ನೊಬ್ಬಂದು ಮುಂಡ ಉದ್ದ ಇದ್ರೆ ಎದೆಗೂಡಿನ ಜಾಗ ಬೇರೆಬೇರೆ. ಬೆಳೆಯೋವಾಗ ಸಿಕ್ಕ ಪೌಷ್ಟಿಕತೆ, ಉಸಿರಾಡಿದ ಹೊಗೆ ಇವೂ ಸೇರ್ಕೊಳ್ತವೆ. ಹಾಗಾಗಿ ಆಯಾ ಊರಿನ ಆರೋಗ್ಯವಂತ ಮಕ್ಕಳನ್ನ ಅಳೆದು ಆ ಸಮೀಕರಣ ತಾಳೆ ಆಗುತ್ತಾ ಅಂತ ನೋಡೋದೇ ನ್ಯಾಯ ಅಂತ ನನ್ನ ಅಭಿಪ್ರಾಯ. ಆದ್ರೆ ಆ ಊರಲ್ಲಿ ಹೊಗೆ ಕುಡಿದೇ ಎಲ್ಲಾ ಮಕ್ಕಳ ಅಳತೆ ಇಳಿದಿದ್ರೆ ಅದನ್ನೇ "ನಾರ್ಮಲ್" ಅಂತ ಬರೆದುಬಿಡೋ ಅಪಾಯನೂ ಇದೆ, ಓರಗೆ ಅನ್ನೋ ಪದ ಅಲ್ಲಿ ಸ್ವಲ್ಪ ಸೋಲುತ್ತೇನೋ ಅಂತ ನನ್ನ ಅನುಮಾನ.

ಇನ್ನೊಂದು ಪದ, ಲೋವರ್ ಲಿಮಿಟ್ ಆಫ್ ನಾರ್ಮಲ್, ಅಂದ್ರೆ ನಾರ್ಮಲ್ ಅನ್ನೋದರ ಕೆಳಗಿನ ಗೆರೆ. ಝಡ್ ಸ್ಕೋರ್ (ಸರಾಸರಿಯಿಂದ ಎಷ್ಟು ದೂರ ಅನ್ನೋ ಲೆಕ್ಕ) ಮೈನಸ್ 1.64, ಆರೋಗ್ಯವಂತ 100 ಮಕ್ಕಳಲ್ಲೂ 5 ಮಕ್ಕಳು ಇದರ ಕೆಳಗೆ ಬರ್ತಾರೆ. "ಕನಿಷ್ಠ ಮಿತಿ" ಅಂದ್ರೆ ದಾಟಿದ್ರೆ ಕಾಯಿಲೆ ಅಂದ ಹಾಗಾಗುತ್ತೆ, "ಕೆಳ ಅಂಚು" ಅಂತ ಹಾಕಿದೀನಿ ಸದ್ಯಕ್ಕೆ.

ನಿಮ್ಮ ಕಡೆ ಓರಗೆ ಅನ್ನೋದು ವಯಸ್ಸಿಗೆ ಮಾತ್ರನಾ, ಎತ್ತರಕ್ಕೂ ಬಳಸ್ತೀರಾ? ಮತ್ತೆ ಬರೆಯೋವಾಗ "ಓರಗೆಯಳತೆ" ಅಂತ ಕೂಡಿಸೋದು ಚೆನ್ನಾ, ಬಿಡಿಸಿ ಬರೆಯೋದಾ?