ಕ್ಯಾಪ್ಸ್ ಲಾಕ್ ದೀಪ ಮಿಣುಕುತ್ತದೆ, ಸಿಸ್ಟಮ್ ಪೂರ್ತಿ ಹ್ಯಾಂಗ್: ರ‍್ಯಾಮ್ ಹೋಗಿದೆಯಾ, ಡ್ರೈವರ್ ಕಾಟವಾ?

ಸಪ್ತಾಪುರ ಝೆರಾಕ್ಸ್, ಧಾರವಾಡ

ಎಲ್ಲರಿಗೂ ನಮಸ್ಕಾರ. ಧಾರವಾಡದ ಸಪ್ತಾಪುರದಲ್ಲಿ ನನ್ನದೊಂದು ಸಣ್ಣ ಝೆರಾಕ್ಸ್ ಅಂಗಡಿ ಇದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು, ಹುಡುಗಿಯರು ಆನ್‌ಲೈನ್ ಅರ್ಜಿ ತುಂಬಲು ಬರುತ್ತಾರೆ. ಹಳೇ ಡೆಸ್ಕ್‌ಟಾಪ್, 8 ಜಿಬಿ ರ‍್ಯಾಮ್, ಉಬುಂಟು 22.04. ರೌಟರ್ ಮೇಲಿನ ಮನೆಯಲ್ಲಿದೆ, ಕೇಬಲ್ ಎಳೆಯಲು ಆಗಿಲ್ಲ, ಹಾಗಾಗಿ ಯುಎಸ್‌ಬಿ ವೈಫೈ ಡಾಂಗಲ್ ಹಾಕಿದ್ದೇನೆ. ಅದರಲ್ಲಿರೋದು 8821ಸಿಯು ಚಿಪ್.

ಹತ್ತು ದಿನದಿಂದ ಒಂದೇ ಗೋಳು. ಫೋಟೋ, ಸಹಿ ಸ್ಕ್ಯಾನ್ ಮಾಡಿ ಅಪ್‌ಲೋಡ್ ಕೊಟ್ಟರೆ ಕೆಲವೊಮ್ಮೆ ಪರದೆ ಹಾಗೇ ನಿಂತುಬಿಡುತ್ತದೆ. ಮೌಸ್ ಅಲ್ಲಾಡಲ್ಲ, ಕೀಬೋರ್ಡಿನ ಕ್ಯಾಪ್ಸ್ ಲಾಕ್ ದೀಪ ಮಾತ್ರ ಮಿಣುಕುತ್ತಾ ಇರುತ್ತದೆ. ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡೋದು ಬಿಟ್ಟರೆ ದಾರಿಯಿಲ್ಲ. ನಿನ್ನೆ ಒಬ್ಬ ಹುಡುಗಿಯ ಅರ್ಜಿಗೆ ಕೊನೇ ದಿನ. ಹಣ ಕಟ್ಟುವ ಪುಟದಲ್ಲೇ ನಿಂತಿತು. ಅವಳ ಕೈ ನಡುಗುತ್ತಿತ್ತು. ಕಡೆಗೆ ನನ್ನ ಮೊಬೈಲಿನಲ್ಲೇ ಮೊದಲಿಂದ ತುಂಬಿ ಮುಗಿಸಿದೆ.

ರಿಪೇರಿಯವರು ಬಂದು ನೋಡಿ ರ‍್ಯಾಮ್, ಎಸ್‌ಎಂಪಿಎಸ್ (ಕರೆಂಟ್ ಕೊಡುವ ಡಬ್ಬಿ) ಎರಡೂ ಬದಲಿಸಿಬಿಡಿ ಅಂದರು. ಲಾಗ್ ತೆಗೆದು ನೋಡಿದೆ, ನಡುವೆಯೇ ಕತ್ತರಿಸಿದ ಹಾಗೆ ನಿಂತಿದೆ, ಮುಂದಿನ ಸಾಲು ಮರುದಿನದ ಬೂಟ್. ಸುಮ್ನೆ ದುಡ್ಡು ಸುರಿಯುವ ಮೊದಲು ಏನು ನೋಡಬೇಕು ಹೇಳಿ.

ಹುಬ್ಬಳ್ಳಿ ಲಿನಕ್ಸ್

ಅಣ್ಣಾ, ಈಗಲೇ ಏನೂ ಕೊಳ್ಳಬೇಡಿ. ನಿಮ್ಮ ಕೀಬೋರ್ಡ್ ಯಾವುದು, ಯುಎಸ್‌ಬಿನಾ, ಅಥವಾ ಗುಂಡು ಪಿನ್ನಿನ ಹಳೇ ಪಿಎಸ್2ನಾ? ಪಿಎಸ್2 ಆಗಿದ್ದರೆ ಆ ದೀಪವೇ ನಿಮಗೆ ಅರ್ಧ ಉತ್ತರ ಹೇಳುತ್ತಿದೆ. ಕರ್ನಲ್ (ಇಡೀ ಸಿಸ್ಟಮ್ ನಡೆಸುವ ಮೂಲ ಪ್ರೋಗ್ರಾಂ) ತಾನೇ ಇನ್ನು ಮುಂದೆ ಹೋಗಲಾರೆ ಅಂತ ನಿಂತಾಗ, ಅಂದರೆ ಕರ್ನಲ್ ಪ್ಯಾನಿಕ್ ಆದಾಗ, ಆ ದೀಪವನ್ನು ಮಿಣುಕಿಸುತ್ತದೆ. ಎಸ್‌ಎಂಪಿಎಸ್ ಕೈಕೊಟ್ಟರೆ ಸಿಸ್ಟಮ್ ಧಪ್ ಅಂತ ಆಫ್ ಆಗುತ್ತದೆ, ಇಲ್ಲವೇ ತಾನಾಗಿ ರೀಸ್ಟಾರ್ಟ್ ಆಗುತ್ತದೆ. ಸಾಮಾನ್ಯವಾಗಿ ದೀಪ ಮಿಣುಕಿಸುತ್ತಾ ಕೂರಲ್ಲ.

ಲಾಗಿನಲ್ಲಿ ಸಿಗದೇ ಇರೋದು ಸಹಜ. ಪ್ಯಾನಿಕ್ ಆದಮೇಲೆ ಡಿಸ್ಕಿಗೆ ಬರೆಯುವವರು ಯಾರೂ ಉಳಿದಿರಲ್ಲ. ಕರ್ನಲ್ಲಿನ ಕೊನೇ ಮಾತು ಪರದೆ ಮೇಲೆ ಬರಬೇಕು, ಆದರೆ ನಿಮ್ಮ ಡೆಸ್ಕ್‌ಟಾಪ್ ಚಿತ್ರ ಅದನ್ನು ಮುಚ್ಚಿಬಿಡುತ್ತದೆ.

ಹೀಗೆ ಮಾಡಿ. ಆನ್ ಮಾಡುವಾಗ ಶಿಫ್ಟ್ ಒತ್ತಿ ಹಿಡಿದರೆ ಗ್ರಬ್ ಮೆನು (ಸಿಸ್ಟಮ್ ಶುರುವಾಗುವ ಮೊದಲಿನ ಪಟ್ಟಿ) ಬರುತ್ತದೆ. ಅಲ್ಲಿ ಇ ಕೀ ಒತ್ತಿ, ಲಿನಕ್ಸ್ ಎಂದು ಶುರುವಾಗುವ ಸಾಲಿನಲ್ಲಿ ಕ್ವೈಟ್, ಸ್ಪ್ಲಾಶ್ ಎರಡೂ ಪದ ಅಳಿಸಿ, ಎಫ್10 ಒತ್ತಿ. ಒಳಗೆ ಬಂದಮೇಲೆ ಕಂಟ್ರೋಲ್, ಆಲ್ಟ್, ಎಫ್3 ಮೂರೂ ಒಟ್ಟಿಗೆ ಒತ್ತಿ ಕಪ್ಪು ಪರದೆಗೆ ಹೋಗಿ ಲಾಗಿನ್ ಆಗಿ. ಅಲ್ಲಿಂದಲೇ ಯಾವುದಾದರೂ ದೊಡ್ಡ ಫೈಲನ್ನು ಡಬ್ಲ್ಯುಗೆಟ್‌ನಲ್ಲಿ ಇಳಿಸಲು ಹಚ್ಚಿ. ಕ್ರ್ಯಾಶ್ ಆದರೆ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಆಮೇಲೆ ಮಾತಾಡೋಣ.

ಹಾವೇರಿ ನೆಟ್‌ವರ್ಕ್

ಮೇಲಿನ ಮಾತು ಸರಿ, ಆದರೆ ರ‍್ಯಾಮ್ ಅನ್ನು ಪೂರ್ತಿ ಬಿಟ್ಟುಬಿಡಬೇಡಿ ಸರ್. ಒಂದು ಫೋಟೋ ಸಾಲದು, ಎರಡು ಮೂರು ಸಲ ತೆಗೆಯಿರಿ. ಪ್ರತಿ ಸಲ ಬೇರೆ ಬೇರೆ ಕಡೆ ಬೀಳುತ್ತಿದ್ದರೆ, ಒಮ್ಮೆ ಫೈಲ್ ಸಿಸ್ಟಮ್, ಒಮ್ಮೆ ಗ್ರಾಫಿಕ್ಸ್, ಒಮ್ಮೆ ಇನ್ನೆಲ್ಲೋ, ಆಗ ರ‍್ಯಾಮ್ ಮೇಲೆ ಅನುಮಾನ ಪಡಬಹುದು. ಪ್ರತಿ ಸಲ ಅದೇ ಜಾಗದಲ್ಲಿ ಎಡವುತ್ತಿದ್ದರೆ ಅದು ಬಹುತೇಕ ಕೋಡಿನ ತಪ್ಪೇ. ರಾತ್ರಿ ಅಂಗಡಿ ಮುಚ್ಚುವಾಗ ಗ್ರಬ್ ಮೆನುವಿನಿಂದ ಮೆಮ್‌ಟೆಸ್ಟ್ ಹಚ್ಚಿ ಬಿಟ್ಟು ಹೋಗಿ. ಬೆಳಿಗ್ಗೆ ಒಂದೇ ಒಂದು ಕೆಂಪು ಸಾಲು ಕಂಡರೂ ರ‍್ಯಾಮ್ ಬದಲಿಸಿ. ಖರ್ಚಿಲ್ಲದ ಪರೀಕ್ಷೆ, ಮಾಡಿಬಿಡಿ.

ಸಪ್ತಾಪುರ ಝೆರಾಕ್ಸ್, ಧಾರವಾಡ

ಗುಂಡು ಪಿನ್ನಿನ ಕೀಬೋರ್ಡೇ ರೀ! ಮೆಮ್‌ಟೆಸ್ಟ್ ರಾತ್ರಿಯಿಡೀ ಓಡಿತು, ಎರರ್ ಸೊನ್ನೆ. ಕಪ್ಪು ಪರದೆಯಲ್ಲಿ ಮೂರು ಸಲ ಕ್ರ್ಯಾಶ್ ಮಾಡಿಸಿದೆ, ಒಂದು ಸಲವಂತೂ ಮೂರೇ ನಿಮಿಷಕ್ಕೆ ಬಿತ್ತು. ಮೂರು ಫೋಟೋದಲ್ಲೂ ಮೊದಲು ನಲ್ ಪಾಯಿಂಟರ್ ಡೀರೆಫರೆನ್ಸ್, ಕೊನೆಗೆ ಫೇಟಲ್ ಎಕ್ಸೆಪ್ಶನ್ ಇನ್ ಇಂಟರಪ್ಟ್ ಅಂತ ಇದೆ. ನಡುವೆ ಆರ್‌ಐಪಿ ಎಂಬ ಸಾಲಿನ ತುದಿಗೆ ಚೌಕದ ಕಂಸದಲ್ಲಿ 8821ಸಿಯು. ಟೇಂಟೆಡ್ ಅನ್ನೋ ಪದದ ಪಕ್ಕ ಜಿ, ಓ, ಇ ಅಕ್ಷರ.

ಇನ್ನೊಂದು ಮಾತು ಮೊದಲೇ ಹೇಳಬೇಕಿತ್ತು. ಕರ್ನಲ್ 5.15 ಇದ್ದಾಗ ಡ್ರೈವರನ್ನು ಇಂಟರ್ನೆಟ್ಟಿನಿಂದ ತಂದು ಹಾಕಿದ್ದೆ, ಚೆನ್ನಾಗಿತ್ತು. ಹೋದ ತಿಂಗಳು ಅಪ್‌ಡೇಟ್ ಕೊಟ್ಟಾಗ 6.8 ಆಯಿತು, ಆ ಡ್ರೈವರ್ ಕಂಪೈಲ್ ಆಗಲಿಲ್ಲ (ಕೋಡಿನಿಂದ ಓಡುವ ಪ್ರೋಗ್ರಾಂ ತಯಾರಾಗಲಿಲ್ಲ). ಅಂಗಡಿಗೆ ಬರುವ ಕಾಲೇಜು ಹುಡುಗನೊಬ್ಬ ಎರರ್ ಬಂದ ಸಾಲುಗಳನ್ನು ತಿದ್ದಿ ಹಾಕಿಕೊಟ್ಟ.

ಗದಗ ಪ್ರೆಸ್

ಅಲ್ಲೇ ಇದೆ ನೋಡಿ ಗಂಟು. ಆರ್‌ಐಪಿ ಸಾಲು ಅಂದರೆ ಬಿದ್ದಾಗ ನಡೆಯುತ್ತಿದ್ದ ಕೋಡಿನ ಜಾಗ, ಮೂರು ಸಲವೂ ಅದು ನಿಮ್ಮ 8821ಸಿಯು ಡ್ರೈವರಿನ ಒಳಗೇ ಇದೆ. ಆ ಹುಡುಗ ಒಳ್ಳೇ ಮನಸ್ಸಿನಿಂದಲೇ ಮಾಡಿದ್ದಾನೆ, ಅವನನ್ನು ಬೈಯಬೇಡಿ. ಆದರೆ ಕಂಪೈಲ್ ಆಗೋದು ಬೇರೆ, ಸರಿಯಾಗಿ ನಡೆಯೋದು ಬೇರೆ. ಕರ್ನಲ್ಲಿನ ಒಳಗಿನ ಫಂಕ್ಷನ್‌ಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತಲೇ ಇರುತ್ತವೆ. ಕರ್ನಲ್ ಜೊತೆಗೇ ಇರುವ ಡ್ರೈವರನ್ನು ಅವರೇ ತಿದ್ದಿಕೊಂಡು ಬರುತ್ತಾರೆ. ಹೊರಗಿನ ಡ್ರೈವರನ್ನು ಯಾರು ತಿದ್ದಬೇಕು? ಟೇಂಟೆಡ್ ಪಕ್ಕದ ಓ ಅಂದರೆ ಹೊರಗಿನಿಂದ ಬಂದ ಮಾಡ್ಯೂಲ್ (ಇಲ್ಲಿ ಆ ಡ್ರೈವರ್) ಒಳಗಿದೆ ಅಂತ. ಇ ಅಂದರೆ ಡಿಜಿಟಲ್ ಸಹಿ ಇಲ್ಲದ್ದು.

ನಮ್ಮ ಪ್ರೆಸ್ಸಿನ ಸಿಸ್ಟಮ್ಮಿನಲ್ಲೂ ಇಂಥದ್ದೇ ಆಗಿತ್ತು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಡ್ರೈವರ್ ಅಂದರೆ ಬೇರೆ ಕೋಣೆಯಲ್ಲಿ ಕೂತ ಪ್ರೋಗ್ರಾಂ ಅಲ್ಲ. ಕರ್ನಲ್ ಇರುವ ಪಡಸಾಲೆಯಲ್ಲೇ ಅದೂ ಕೂತಿರುತ್ತದೆ, ನಡುವೆ ಗೋಡೆ ಇಲ್ಲ. ಬ್ರೌಸರ್ ಮೆಮೊರಿಯ ತಪ್ಪು ವಿಳಾಸ ಮುಟ್ಟಿದರೆ ಕರ್ನಲ್ ಬ್ರೌಸರನ್ನಷ್ಟೇ ಮುಚ್ಚುತ್ತದೆ. ಡ್ರೈವರ್ ಮುಟ್ಟಿದರೆ (ನಿಮ್ಮ ನಲ್ ಪಾಯಿಂಟರ್ ಅಂದರೆ ಅದೇ) ಅದಕ್ಕೆ ಊಪ್ಸ್ ಅಂತಾರೆ, ಎಷ್ಟೋ ಸಲ ಆಗ ನಡೆಯುತ್ತಿದ್ದ ಪ್ರೋಗ್ರಾಂ ಒಂದು ಸತ್ತು ಸಿಸ್ಟಮ್ ಕುಂಟುತ್ತಾ ಮುಂದೆ ಹೋಗುತ್ತದೆ. ಆದರೆ ನಿಮ್ಮದು ಬಿದ್ದಿರೋದು ಇಂಟರಪ್ಟ್ ಹೊತ್ತಿನಲ್ಲಿ, ಡಾಂಗಲ್ಲಿನಿಂದ ಡೇಟಾ ಬಂತು ಅಂತ ಕೂಗು ಬಂದ ಆ ಕ್ಷಣದಲ್ಲಿ. ಆಗ ಯಾವುದೋ ಒಂದು ಪ್ರೋಗ್ರಾಂ ಸಾಯಿಸಿ ತಪ್ಪಿಸಿಕೊಳ್ಳಲು ಬರಲ್ಲ, ಕರ್ನಲ್ ಎಲ್ಲವನ್ನೂ ನಿಲ್ಲಿಸುತ್ತದೆ. ಅಪ್‌ಲೋಡ್ ಜಾಸ್ತಿ ಇದ್ದಾಗಲೇ ಬೀಳೋದಕ್ಕೂ ಇದೇ ಕಾರಣ ಇರಬೇಕು.

ನಿಮಗೆ ಹೊರಗಿನ ಡ್ರೈವರ್ ಈಗ ಬೇಕೇ ಇಲ್ಲ. 2023ರ ಫೆಬ್ರವರಿಯಲ್ಲಿ ಬಂದ 6.2ರಿಂದ ಈ ಚಿಪ್ಪಿನ ಡ್ರೈವರ್ ಕರ್ನಲ್ ಒಳಗೇ ಇದೆ, ಆರ್‌ಟಿಡಬ್ಲ್ಯು88 ಅಂತ. ಹೊರಗಿನದನ್ನು ಡಿಕೆಎಂಎಸ್ (ಹೊರಗಿನ ಡ್ರೈವರ್ ಹಾಕುವ, ತೆಗೆಯುವ ಸಾಧನ) ರಿಮೂವ್ ಕೊಟ್ಟು ತೆಗೆಯಿರಿ, ರೀಸ್ಟಾರ್ಟ್ ಮಾಡಿ. ಅಷ್ಟರವರೆಗೆ ಗಿರಾಕಿಗಳನ್ನು ವಾಪಸ್ ಕಳಿಸಬೇಡಿ, ಡಾಂಗಲ್ ಕಿತ್ತಿಟ್ಟು ಮೊಬೈಲನ್ನು ಯುಎಸ್‌ಬಿ ಟೆದರಿಂಗ್‌ನಲ್ಲಿ ಹಾಕಿಕೊಳ್ಳಿ. ಅದು ಬೇರೆ ಡ್ರೈವರಿನಲ್ಲಿ ನಡೆಯುತ್ತದೆ, ಬೀಳಲ್ಲ.

ಸಪ್ತಾಪುರ ಝೆರಾಕ್ಸ್, ಧಾರವಾಡ

ತೆಗೆದೆ, ರೀಸ್ಟಾರ್ಟ್ ಮಾಡಿದೆ. ಈಗ ವೈಫೈಯೇ ಕಾಣಿಸುತ್ತಿಲ್ಲ! ಎಲ್‌ಎಸ್‌ಯುಎಸ್‌ಬಿ ಕೊಟ್ಟರೆ ಯುಎಸ್‌ಬಿ ಪಟ್ಟಿಯಲ್ಲಿ ಡಾಂಗಲ್ ಹೆಸರು ಬರುತ್ತಿದೆ.

ಹುಬ್ಬಳ್ಳಿ ಲಿನಕ್ಸ್

ಗಾಬರಿ ಬೇಡ. ಕರ್ನಲ್ ಒಳಗಿನದು ತನಗೆ ಅಡ್ಡಿಯಾಗದಿರಲಿ ಅಂತ ಆ ಹೊರಗಿನ ಡ್ರೈವರ್ ಅದನ್ನು ಲೋಡ್ ಆಗದಂತೆ ಬ್ಲ್ಯಾಕ್‌ಲಿಸ್ಟ್ ಮಾಡಿರುತ್ತದೆ. ಇಟಿಸಿ ಒಳಗೆ ಮಾಡ್‌ಪ್ರೋಬ್ ಡಾಟ್ ಡಿ ಅನ್ನೋ ಫೋಲ್ಡರ್ ಇದೆ. ಅಲ್ಲಿ 8821ಸಿಯು ಹೆಸರಿನ ಫೈಲ್ ಉಳಿದಿದೆಯಾ ನೋಡಿ. ಇದ್ದರೆ ಅಳಿಸಿ, ಮತ್ತೆ ರೀಸ್ಟಾರ್ಟ್ ಮಾಡಿ. ಆಮೇಲೆ ಎಲ್‌ಎಸ್‌ಯುಎಸ್‌ಬಿ ಮೈನಸ್ ಟಿ ಕೊಟ್ಟರೆ ಡಾಂಗಲ್ ಪಕ್ಕ ಯಾವ ಡ್ರೈವರ್ ಕೂತಿದೆ ಅಂತ ತೋರಿಸುತ್ತದೆ.

ಸಪ್ತಾಪುರ ಝೆರಾಕ್ಸ್, ಧಾರವಾಡ

ಇತ್ತು ಅಣ್ಣಾ, ಅದೇ ಫೈಲ್. ಅಳಿಸಿದ ಕೂಡಲೇ ಬಂತು. ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ. ಮೊನ್ನೆ ರಾತ್ರಿ ಕಪ್ಪು ಪರದೆಯಲ್ಲಿ ಅದೇ ಫೈಲನ್ನು ಐದು ಸಲ ಇಳಿಸಿದೆ, ಒಮ್ಮೆಯೂ ಬೀಳಲಿಲ್ಲ. ನಿನ್ನೆ ಇನ್ನೊಂದು ಅರ್ಜಿಯ ಕೊನೇ ದಿನ, ಅಂಗಡಿ ತುಂಬಾ ಹುಡುಗರು, ರಾತ್ರಿ ಹತ್ತರವರೆಗೂ ಇದೇ ಸಿಸ್ಟಮ್ ನಡೆಯಿತು. ಮೂವರಿಗೂ ಕೈ ಮುಗಿಯುತ್ತೇನೆ. ಆ ಕಾಲೇಜು ಹುಡುಗನಿಗೆ ಇದನ್ನೆಲ್ಲಾ ಓದಿಸಿದೆ, ಆರ್‌ಐಪಿ ಸಾಲಿನ ಫೋಟೋ ತನ್ನ ಮೊಬೈಲಿಗೆ ಕಳಿಸಿಕೊಂಡು ಹೋದ. ಫಂಕ್ಷನ್ ಹೆಸರು ಹುಡುಕಿ, ತಾನು ತಿದ್ದಿದ ಯಾವ ಸಾಲು ಕೆಡಿಸಿತು ಅಂತ ನೋಡುತ್ತಾನಂತೆ.