ಲ್ಯಾಬಿನ ‘ಪಿಪಿಟಿ’ಗೆ ‘ಗಸಿ’ ಅನ್ನಬಹುದಾ?

ಮಂಗಳೂರಿನ ಕಾಲೇಜೊಂದರಲ್ಲಿ ಬಿಎಸ್ಸಿ ಮೊದಲ ವರ್ಷದವರಿಗೆ ರಸಾಯನಶಾಸ್ತ್ರ ಹೇಳಿಕೊಡುತ್ತೇನೆ. ಕುಂದಾಪುರ, ಬೈಂದೂರು, ಕಾರ್ಕಳ ಕಡೆಯಿಂದ, ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲೇ ಓದಿ ಬಂದವರು ಸುಮಾರು ಮಂದಿ ಇರುತ್ತಾರೆ. ಅವರಿಗೆ ಅಂತ ಲ್ಯಾಬ್ ಟಿಪ್ಪಣಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ದ್ರಾವಣ, ಆಮ್ಲ, ಪ್ರತ್ಯಾಮ್ಲ ಎಲ್ಲ ಅವರಿಗೆ ಶಾಲೆಯಲ್ಲೇ ಗೊತ್ತು. ಮೋಲ್, ಬ್ಯೂರೆಟ್ ಹಾಗೇ ಇರಲಿ ಅಂತ ಬಿಟ್ಟೆ. ತಡೆದು ನಿಂತದ್ದು ‘ಪ್ರೆಸಿಪಿಟೇಟ್’ ಹತ್ತಿರ.

ಎರಡು ತಿಳಿಯಾದ ದ್ರಾವಣ ಬೆರೆಸಿದಾಗ ಕರಗದ ಗಟ್ಟಿ ವಸ್ತು ಹುಟ್ಟುತ್ತದಲ್ಲ, ಅದು. ಉಪ್ಪುನೀರಿಗೆ ಸಿಲ್ವರ್ ನೈಟ್ರೇಟ್ ಎರಡು ಹನಿ ಬಿಟ್ಟರೆ ಸಾಕು, ಒಡೆದ ಹಾಲಿನ ಹಾಗೆ ಬೆಳ್ಳಗೆ ಮುದ್ದೆಮುದ್ದೆಯಾಗುತ್ತದೆ. ಅದು ಸಿಲ್ವರ್ ಕ್ಲೋರೈಡ್. ಒಂದು ಲೀಟರ್ ನೀರಿನಲ್ಲಿ ಇದು ಕರಗುವುದು ಬರೀ 2 ಮಿಲಿಗ್ರಾಂನಷ್ಟು. ಮಿಕ್ಕಿದ್ದೆಲ್ಲ ಹೊರಗೆ ಬೀಳಲೇಬೇಕು. ಮಕ್ಕಳು ‘ಪ್ರೆಸಿಪಿಟೇಟ್’ ಅನ್ನುವುದನ್ನು ಮೂರಕ್ಷರಕ್ಕೆ ಇಳಿಸಿದ್ದಾರೆ: “ಪಿಪಿಟಿ ಬಂತಾ?” ರೆಕಾರ್ಡಿನಲ್ಲೂ ಹಾಗೇ ಬರೆಯುತ್ತಾರೆ. ಸೆಮಿನಾರಿಗೆ ಸ್ಲೈಡ್ ಮಾಡಿ ತರುವುದೂ ಪಿಪಿಟಿಯೇ, ಆ ಮಾತು ಬೇಡ.

ಪುಸ್ತಕದ ಪದ ‘ಪ್ರಕ್ಷೇಪ’. ನನಗೆ ಅದು ಒಗ್ಗುವುದಿಲ್ಲ. ಭೂಗೋಳದವರಿಗೆ ನಕ್ಷೆಯ ಪ್ರಕ್ಷೇಪ ಇದೆ. ಹಳೆಯ ಕಾವ್ಯ ಓದುವವರಿಗೆ, ಯಾರೋ ಆಮೇಲೆ ತಂದು ಸೇರಿಸಿದ ಪದ್ಯ ಪ್ರಕ್ಷೇಪ. ಪ್ರನಾಳದಲ್ಲಿ (ಟೆಸ್ಟ್ ಟ್ಯೂಬಿನಲ್ಲಿ) ಆಗುವುದು ಅದರ ಉಲ್ಟಾ ಅಲ್ವಾ? ಹೊರಗಿಂದ ಯಾರೂ ಸೇರಿಸಿದ್ದಲ್ಲ, ಒಳಗೇ ಹುಟ್ಟಿದ್ದು.

ಹಾಗಾಗಿ ‘ಗಸಿ’ ಕಡೆ ಮನಸ್ಸು ಹೋಯಿತು. ಎಣ್ಣೆಯ ತಳದಲ್ಲಿ ನಿಲ್ಲುವುದು ಗಸಿ. ನಮ್ಮ ಊರಿನಲ್ಲಿ ಗಸಿ ಅಂದರೆ ಮೊದಲು ನೆನಪಾಗುವುದು ತಿನ್ನುವ ಗಟ್ಟಿ ಸಾರು: ಕೋಳಿ ಗಸಿ, ಕಡ್ಲೆ ಗಸಿ. “ಬಿಳಿ ಗಸಿ ಬಂತು” ಅಂದರೆ “ನೀರ್‌ದೋಸೆ ಎಲ್ಲಿ ಮೇಡಂ?” ಅಂತ ಹಿಂದಿನ ಬೆಂಚಿನಿಂದ ಕೇಳುವುದು ಖಂಡಿತ. ನಕ್ಕರೆ ನಗಲಿ, ಪದವಾದರೂ ನೆನಪಿರುತ್ತದೆ. ನನ್ನ ತಕರಾರು ಬೇರೆ.

ಗಸಿ ಅಂದರೆ ಕೆಳಗೆ ಕೂತದ್ದು. ಮಳೆಗಾಲದಲ್ಲಿ ನೇತ್ರಾವತಿಯ ಕೆಂಪು ನೀರನ್ನು ಕೊಡದಲ್ಲಿ ತುಂಬಿಟ್ಟರೂ ಗಸಿ ಕೂರುತ್ತದೆ. ಆ ಮಣ್ಣು ಮೊದಲೇ ನೀರಿನಲ್ಲಿ ಇದ್ದದ್ದು, ಅದನ್ನು ಪ್ರೆಸಿಪಿಟೇಟ್ ಅನ್ನುವ ಹಾಗಿಲ್ಲ. ಇತ್ತ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ನೋಡಿ. ಅಮೋನಿಯ ಹಾಕಿದಾಗ ಲೋಳೆ ಲೋಳೆಯಾಗಿ ಬಂದು ನಡುವೆ ತೇಲುತ್ತಾ ಇರುತ್ತದೆ. ಬೆಳಕಿಗೆ ಹಿಡಿದು ನೋಡದಿದ್ದರೆ ಕಾಣುವುದೂ ಕಷ್ಟ. ಅದು ಪ್ರೆಸಿಪಿಟೇಟ್ ಹೌದು, ಆದರೆ ಕೂತಿಲ್ಲವಲ್ಲ! ಇನ್ನೊಂದು, ಎಣ್ಣೆ ಗಸಿಯನ್ನು ನಾವು ಚೆಲ್ಲುತ್ತೇವೆ. ಲ್ಯಾಬಿನಲ್ಲಿ ಎಷ್ಟೋ ಸಲ ನಮಗೆ ಬೇಕಾದದ್ದೇ ಅದು. ಸಿಲ್ವರ್ ಕ್ಲೋರೈಡ್ ಅಮೋನಿಯದಲ್ಲಿ ಕರಗುತ್ತದೆ, ಹಳದಿಯ ಸಿಲ್ವರ್ ಅಯೊಡೈಡ್ ಕರಗುವುದಿಲ್ಲ. ಇದ್ದದ್ದು ಯಾವ ಲವಣ ಅಂತ ಗೊತ್ತಾಗುವುದೇ ಇದರಿಂದ.

ಬಂದ ಮೇಲಿನ ಕೆಲಸಕ್ಕೆ ಮಾತ್ರ ನಮ್ಮ ಮಾತೇ ಸಾಕು. ಮೊದಲು ಕದಡುತ್ತದೆ, ಆಮೇಲೆ ಕೂರುತ್ತದೆ, ಮೇಲೆ ತಿಳಿ ನಿಲ್ಲುತ್ತದೆ. ಗಂಜಿ ತಿಳಿ ಗೊತ್ತಿಲ್ಲದವರು ಈ ಜಿಲ್ಲೆಗಳಲ್ಲಿ ಇಲ್ಲ. ಪ್ರನಾಳವನ್ನು ಗಿರಗಿರ ತಿರುಗಿಸಿ ಗಟ್ಟಿಯನ್ನು ತಳಕ್ಕೆ ಕೂರಿಸುವ ಸೆಂಟ್ರಿಫ್ಯೂಜ್ ನಿಂತ ಮೇಲೆ “ತಿಳಿಯನ್ನು ಬಸಿದು ಗಸಿಯನ್ನು ತೊಳೆಯಿರಿ” ಅಂತ ಬರೆದಿದ್ದೇನೆ. ಅಲ್ಲಿ ಗಸಿ ಸರಿಯಾಗಿ ಕೂರುತ್ತದೆ, ಆ ವಾಕ್ಯವನ್ನು ನಾನು ಬದಲಿಸುವುದಿಲ್ಲ.

ಈಗ ನನ್ನ ಪ್ರಶ್ನೆ. ದ್ರವದ ಒಳಗೆ ಗಟ್ಟಿ ಹೊಸದಾಗಿ ಹುಟ್ಟುವುದಕ್ಕೆ ಒಂದು ಕ್ರಿಯಾಪದ ಬೇಕು. ಆಲೆಮನೆಯಲ್ಲೋ, ಬಣ್ಣ ಹಾಕುವವರಲ್ಲೋ, ಉಪ್ಪಿನ ಗದ್ದೆಯಲ್ಲೋ ಅಂಥ ಮಾತು ಕೇಳಿದ್ದೀರಾ? ತುಳು, ಕೊಂಕಣಿ, ಬ್ಯಾರಿಯದ್ದಾದರೂ ಪರವಾಗಿಲ್ಲ. 1894ರಲ್ಲಿ ಇದೇ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟು ಕೈಗೆ ಹತ್ತಿರ ಇರುವವರು ‘ಗಸಿ’ಯ ಅರ್ಥ, ಉದಾಹರಣೆಗಳನ್ನೂ ಇಲ್ಲಿ ಹಾಕಿ. ಮುಂದಿನ ವಾರ ಟಿಪ್ಪಣಿ ಜೆರಾಕ್ಸಿಗೆ ಹೋಗುತ್ತದೆ. ಅಷ್ಟರಲ್ಲಿ ಏನೂ ಸಿಗದಿದ್ದರೆ ‘ಪ್ರೆಸಿಪಿಟೇಟ್’ ಅಂತಲೇ ಬರೆಯುತ್ತೇನೆ, ‘ಪ್ರಕ್ಷೇಪ’ವಂತೂ ಇಲ್ಲ.