‘ಟರ್ನ್’ ಅಂದರೆ ಸರದಿಯೋ, ಸುತ್ತೋ?

ಎಲ್ಲರಿಗೂ ನಮಸ್ಕಾರ.

ಒಂದು ಚಿಕ್ಕ ಪದದ ಹಿಂದೆ ಬಿದ್ದು ಮೂರು ವಾರ ಆಯಿತು. ಕಂಪ್ಯೂಟರ್ ಆಟಗಳಲ್ಲಿ ಬರುವ ‘ಟರ್ನ್’. ಸರದಿ ಅಂದುಬಿಟ್ಟರೆ ಮುಗಿಯಿತು ಅಂದುಕೊಂಡಿದ್ದೆ. ಮುಗಿಯಲಿಲ್ಲ.

ಫ್ರೀಓರಿಯನ್ ಅಂತ ಒಂದು ಆಟ ಇದೆ. ಪುಕ್ಕಟೆ ಸಿಗುತ್ತದೆ, ಅದರ ಕೋಡ್ ಕೂಡ ಎಲ್ಲರಿಗೂ ತೆರೆದಿದೆ. ಒಂದೇ ಒಂದು ಗ್ರಹದಿಂದ ಶುರು ಮಾಡಬೇಕು. ನಕ್ಷತ್ರದಿಂದ ನಕ್ಷತ್ರಕ್ಕೆ ಹಡಗು ಕಳಿಸಿ, ಹೊಸ ಗ್ರಹಗಳಲ್ಲಿ ಜನರನ್ನು ಇಳಿಸಿ, ಸಂಶೋಧನೆ ಮಾಡಿಸಿ, ಪಕ್ಕದವರ ಜೊತೆ ಜಗಳವೋ ರಾಜಿಯೋ ಮಾಡಿಕೊಂಡು ಸಾಮ್ರಾಜ್ಯ ಕಟ್ಟಬೇಕು. 1993ರಲ್ಲಿ ಬಂದ ‘ಮಾಸ್ಟರ್ ಆಫ್ ಓರಿಯನ್’ ಇದಕ್ಕೆ ಅಜ್ಜ ಇದ್ದ ಹಾಗೆ. ಫ್ರೀಓರಿಯನ್‌ನಲ್ಲಿ ಪರದೆ ಮೇಲೆ ಕಾಣುವ ಮಾತೆಲ್ಲ ಭಾಷೆಗೊಂದು ಫೈಲಿನಲ್ಲಿ ಸಾಲುಸಾಲಾಗಿ ಇರುತ್ತದೆ. ಸಾವಿರಾರು ಸಾಲು. ಅದನ್ನು ಕನ್ನಡಕ್ಕೆ ತರೋಣ ಅಂತ ಕೂತೆ. ಮೊದಲು ಪದಪಟ್ಟಿ ಮಾಡಿಕೊಂಡೆ. ‘ಟರ್ನ್’ ಎದುರು ಸರದಿ, ‘ಎಂಡ್ ಟರ್ನ್’ ಎದುರು ‘ಸರದಿ ಮುಗಿಸಿ’ ಅಂತ ಬರೆದು ಮುಂದೆ ಹೋದೆ.

ಅಕ್ಕನ ಮಗಳು ರಜೆಗೆ ಬಂದಿದ್ದಳು, ಹನ್ನೆರಡು ವರ್ಷ. ಆಟ ಇಂಗ್ಲಿಷಿನಲ್ಲೇ ಇತ್ತು. ನಾನು ಕನ್ನಡ ಪದಗಳನ್ನು ಸಣ್ಣ ಚೀಟಿಗಳಲ್ಲಿ ಬರೆದು ಪರದೆಯ ಅಂಚಿಗೆ ಅಂಟಿಸಿ ಅವಳನ್ನು ಆಡೋಕೆ ಕೂರಿಸಿದೆ. ಹತ್ತು ನಿಮಿಷ ಆಡಿದಳು. ಆಮೇಲೆ ಕೇಳಿದಳು: “ಮಾಮಾ, ಸರದಿ ಅಂತ ಬರ್ದಿದ್ದೀಯಲ್ಲ, ಯಾರ ಸರದಿ? ಇಲ್ಲಿ ಯಾರೂ ಯಾರಿಗೂ ಕಾಯ್ತಾನೇ ಇಲ್ವಲ್ಲ!”

ನನ್ನ ಹತ್ತಿರ ಉತ್ತರ ಇರಲಿಲ್ಲ.

ಸರದಿ ಅನ್ನುವ ಪದದ ಒಳಗೇ ಕಾಯುವುದು ಇದೆ. ನನ್ನದು ಮುಗಿದ ಮೇಲೆ ನಿನ್ನದು. ರೇಷನ್ ಅಂಗಡಿಯ ಸರದಿ, ನಲ್ಲಿ ಮುಂದಿನ ಸರದಿ. ಸರತಿ ಸಾಲು ಅನ್ನುವುದೂ ಇದರ ಅಣ್ಣತಮ್ಮನೇ. ಒಬ್ಬರು ಮಾಡುವಾಗ ಉಳಿದವರು ಕೈ ಕಟ್ಟಿ ನಿಂತಿರುತ್ತಾರೆ. ನಮ್ಮ ಹಾವೇರಿ ಕಡೆ ಇದಕ್ಕೆ ಪಾಳಿ ಅನ್ನುತ್ತೇವೆ. ಚೌಕಾಬಾರ ಆಡುವಾಗ ನಮ್ಮವ್ವ “ಈಗ ಯಾರ ಪಾಳಿ ಐತಿ?” ಅಂತ ಕೇಳಿಯೇ ಕವಡೆ ಕೈಗೆ ತಗೋತಿದ್ದಳು. ಮೈಸೂರು ಕಡೆಯ ನನ್ನ ಹೆಂಡತಿಗೆ ಪಾಳಿ ಅಂದರೆ ಮೊದಲು ನೆನಪಾಗುವುದು ಫ್ಯಾಕ್ಟರಿಯ ರಾತ್ರಿ ಪಾಳಿ. ಅವಳು “ನಿನ್ನ ಆಟ” ಅನ್ನುತ್ತಾಳೆ. ಚೌಕ ಬಿದ್ದರೂ ಎಂಟು ಬಿದ್ದರೂ “ಇನ್ನೊಂದು ಆಟ”. ಅಂದರೆ ಇಡೀ ಆಟವೂ ಆಟವೇ, ಅದರಲ್ಲಿ ಒಬ್ಬರ ಪಾಲಿನ ತುಣುಕೂ ಆಟವೇ. ಬಾಯಲ್ಲಿ ಆಡುವಾಗ ಗೊಂದಲ ಆಗುವುದಿಲ್ಲ. ಪರದೆ ಮೇಲೆ ‘ಆಟ ಮುಗಿಸಿ’ ಅಂತ ಬರೆದರೆ ಮಾತ್ರ ಕಟ್ಟಿದ ಸಾಮ್ರಾಜ್ಯ ಬಿಟ್ಟು ಹೊರಗೆ ಹೋಗಬೇಕೇನೋ ಅನ್ನಿಸುತ್ತದೆ.

ಈಗ ಫ್ರೀಓರಿಯನ್‌ನಲ್ಲಿ ಆಗುವುದೇನು ನೋಡಿ. ಎಲ್ಲ ಆಟಗಾರರೂ ಒಟ್ಟಿಗೇ ಅಪ್ಪಣೆ ಬರೆದುಕೊಳ್ಳುತ್ತಾರೆ. ಈ ಹಡಗು ಅಲ್ಲಿಗೆ, ಆ ಗ್ರಹಕ್ಕೆ ಈ ಕೆಲಸ. ಎಲ್ಲರೂ ಆಯಿತು ಅಂದ ಮೇಲೆ ಸರ್ವರ್ ಎಲ್ಲರ ಅಪ್ಪಣೆಯನ್ನೂ ಒಂದೇ ಸಲ ನಡೆಸುತ್ತದೆ. ಮೊದಲು ಹಡಗುಗಳ ಓಡಾಟ, ಆಮೇಲೆ ಎದುರುಬದುರಾದವರ ಕಾದಾಟ, ಅದಾದ ಮೇಲೆ ಉತ್ಪಾದನೆ, ಸಂಶೋಧನೆ. ಲೆಕ್ಕ ಒಂದು ಮುಂದೆ ಹೋಗುತ್ತದೆ. ಇಲ್ಲಿ ‘ಟರ್ನ್’ ಅಂದರೆ ಕಾಲದ ಒಂದು ತುಂಡು. ಅದು ಯಾರೊಬ್ಬರದೂ ಅಲ್ಲ.

ಹಳೆಯ ಆಟಗಳನ್ನು ನೋಡಿದರೆ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಮೊದಲ ‘ಮಾಸ್ಟರ್ ಆಫ್ ಓರಿಯನ್’ನಲ್ಲಿ ಲೆಕ್ಕ ಇಡುವುದೇ ವರ್ಷದಲ್ಲಿ. ಆಟ 2300ನೇ ಇಸವಿಗೆ ಶುರುವಾಗುತ್ತದೆ. ಬಟನ್ ಒತ್ತಿದರೆ 2301. ತೊಂಬತ್ತರ ದಶಕದ ‘ಸ್ಟಾರ್ಸ್’ ಅನ್ನುವ ಆಟವನ್ನು ಇಮೇಲ್‌ನಲ್ಲಿ ಆಡುತ್ತಿದ್ದರು. ಪ್ರತಿಯೊಬ್ಬರೂ ತಮ್ಮ ಅಪ್ಪಣೆಯ ಫೈಲ್ ಕಳಿಸಬೇಕು. ಆಟ ನಡೆಸುವವನು ಎಲ್ಲವನ್ನೂ ಸೇರಿಸಿ ಒಂದು ವರ್ಷ ಮುಂದಕ್ಕೆ ತಳ್ಳಿ, ಹೊಸ ಫೈಲ್ ವಾಪಸ್ ಕಳಿಸುತ್ತಾನೆ. ಒಂದು ಆಟ ತಿಂಗಳುಗಟ್ಟಲೆ ಎಳೆಯುತ್ತಿತ್ತು. ಅಲ್ಲೂ ‘ನಿಂದಾದ ಮೇಲೆ ನಂದು’ ಇಲ್ಲ.

ಹಾಗಾಗಿ ಸುತ್ತು ಅನ್ನುವ ಪದಕ್ಕೆ ಬಂದೆ. ಇದಕ್ಕೆ ಧೈರ್ಯ ಕೊಟ್ಟದ್ದು ಚುನಾವಣೆಯ ಮತ ಎಣಿಕೆ. ಎಣಿಕೆ ಹಾಲಿನಲ್ಲಿ ಸಾಮಾನ್ಯವಾಗಿ 14 ಟೇಬಲ್ ಹಾಕಿರುತ್ತಾರೆ. ಎಲ್ಲ ಟೇಬಲ್‌ನಲ್ಲೂ ಒಟ್ಟಿಗೇ ಎಣಿಸುತ್ತಾರೆ, ಎಲ್ಲರದೂ ಮುಗಿದ ಮೇಲೆ ಆ ಸುತ್ತಿನ ಲೆಕ್ಕ ಹೇಳುತ್ತಾರೆ. “ಎಂಟನೇ ಸುತ್ತಿನಲ್ಲಿ ಮುನ್ನಡೆ” ಅಂತ ಟೀವಿಯವರು ಕೂಗುವುದು ಇದನ್ನೇ. ಎಲ್ಲರೂ ಒಟ್ಟಿಗೆ ಮಾಡಿ, ಒಟ್ಟಿಗೆ ಫಲ ಕಾಣುವುದು. ಆಟದ ಕೆಲಸಕ್ಕೂ ಇದಕ್ಕೂ ಎಷ್ಟು ಹೊಂದುತ್ತದೆ ನೋಡಿ. ‘42ನೇ ಸುತ್ತು’ ಅಂದರೆ ಯಾರಿಗಾದರೂ ಅರ್ಥವಾಗುತ್ತದೆ ಅಲ್ವಾ?

ಆದರೆ ಸುತ್ತಿಗೂ ಅದರದೇ ಕಾಟ ಇದೆ. ಅದು ನಾಮಪದವೂ ಹೌದು, ಕ್ರಿಯಾಪದವೂ ಹೌದು. ಸುಮ್ನೆ ‘ಸುತ್ತು’ ಅಂತ ಚೀಟಿ ಅಂಟಿಸಿದ್ದಕ್ಕೆ ಅಕ್ಕನ ಮಗಳು “ಯಾವುದನ್ನ ಸುತ್ತಬೇಕು?” ಅಂದಳು. ಆಟದ ತುಂಬ ಗ್ರಹಗಳೇ ಇರುವುದರಿಂದ ಇದು ತಮಾಷೆಯ ಮಾತಲ್ಲ. ಗ್ರಹ ನಕ್ಷತ್ರವನ್ನು ಸುತ್ತುತ್ತದೆ, ಹಡಗು ಗ್ರಹಕ್ಕೆ ಸುತ್ತು ಹಾಕುತ್ತದೆ. ‘ಮೂರು ಸುತ್ತಿನಲ್ಲಿ ಹಡಗು ತಲುಪುತ್ತದೆ’ ಅಂದರೆ ಮೂರು ಪ್ರದಕ್ಷಿಣೆ ಹಾಕಿ ತಲುಪುತ್ತದೆಯೇ? ಅಂಕಿ ಮುಂದಿಟ್ಟು ‘ನೇ’ ಹಚ್ಚಿದರೆ ಗೊಂದಲ ಕಡಿಮೆ. ಪೂರ್ತಿ ಹೋಗುವುದಿಲ್ಲ.

ನಡುವೆ ಇನ್ನೊಂದು ಪದ ಕಣ್ಣಿಗೆ ಬಿತ್ತು. ಮಂಡ್ಯದ ಕಡೆ ನಾಲೆಗೆ ನೀರು ಬಿಡುವಾಗ ‘ಕಟ್ಟು’ ಅನ್ನುತ್ತಾರೆ. ಇಷ್ಟು ದಿನ ನೀರು, ಆಮೇಲೆ ಇಷ್ಟು ದಿನ ಬಂದ್, ಮತ್ತೆ ನೀರು. ‘ಇನ್ನೆರಡು ಕಟ್ಟು ನೀರು ಬೇಕು’ ಅಂದರೆ ಕಾಲವನ್ನೇ ತುಂಡು ಮಾಡಿ ಎಣಿಸಿದ ಹಾಗೆ. ನನಗಂತೂ ಬಹಳ ಹಿಡಿಸಿತು. ಆದರೆ ಸಾಮ್ರಾಜ್ಯ ಕಟ್ಟುವ ಆಟದಲ್ಲಿ, ಹಡಗುಕಟ್ಟೆ ಕಟ್ಟು, ಗಣಿ ಕಟ್ಟು ಅನ್ನುವ ಬಟನ್‌ಗಳ ನಡುವೆ ಇದನ್ನು ಎಲ್ಲಿ ಇಡುವುದು! ಮನಸ್ಸಿಲ್ಲದ ಮನಸ್ಸಿನಿಂದ ಬಿಟ್ಟೆ.

ಸರದಿಯನ್ನು ಪೂರ್ತಿ ಓಡಿಸಬೇಕಾಗಿಲ್ಲ ಅನ್ನುವುದೂ ಇದೇ ಹುಡುಕಾಟದಲ್ಲಿ ಗೊತ್ತಾಯಿತು. ‘ಮಾಸ್ಟರ್ ಆಫ್ ಓರಿಯನ್’ನ ನಕ್ಷೆಯ ಮೇಲೆ ಎಲ್ಲರೂ ಒಟ್ಟಿಗೆ ನಡೆಯುತ್ತಾರೆ, ಸರಿ. ಆದರೆ ಎರಡು ದಂಡು ಎದುರಾದರೆ ಯುದ್ಧದ ಪರದೆ ಬೇರೆಯೇ ತೆರೆಯುತ್ತದೆ. ಅಲ್ಲಿ ಒಂದು ಹಡಗು ಹೊಡೆದ ಮೇಲೆ ಇನ್ನೊಂದು. ಅದು ಥೇಟ್ ಸರದಿ. 1996ರ ಎರಡನೇ ‘ಮಾಸ್ಟರ್ ಆಫ್ ಓರಿಯನ್’ನಲ್ಲಿ ಒಂದೇ ಕಂಪ್ಯೂಟರ್ ಮುಂದೆ ಒಬ್ಬರಾದ ಮೇಲೆ ಒಬ್ಬರು ಕೂತು ಆಡುವ ದಾರಿಯೂ ಇದೆ. ಒಂದೇ ಕುರ್ಚಿ, ಎದ್ದವನ ಜಾಗದಲ್ಲಿ ಮುಂದಿನವನು. ಅದೂ ಸರದಿಯೇ, ಬೇಕಾದರೆ ಪಾಳಿ ಅನ್ನಿ. ಇಂಗ್ಲಿಷಿನವರು ಈ ಎಲ್ಲಕ್ಕೂ ಒಂದೇ ಪದ ಇಟ್ಟುಕೊಂಡಿದ್ದಾರೆ ಅಂತ ನಾವೂ ಒಂದೇ ಪದ ಹುಡುಕುತ್ತಾ ಕೂರುವುದು ಯಾಕೆ? ನಕ್ಷೆಗೆ ಸುತ್ತು, ಕಾಳಗಕ್ಕೆ ಸರದಿ.

ಇಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಫ್ರೀಓರಿಯನ್‌ನಲ್ಲಿ ಕಾಳಗ ತಾನಾಗಿಯೇ ನಡೆಯುತ್ತದೆ, ಮತ್ತು ಒಂದು ಕಾಳಗದಲ್ಲಿ ಕೆಲವು ‘ಬೌಟ್’, ಅಂದರೆ ಹೊಡೆದಾಟದ ಕಂತುಗಳು, ಇರುತ್ತವೆ. ಕುಸ್ತಿ, ಬಾಕ್ಸಿಂಗ್ ವರದಿಗಳಲ್ಲಿ ಇದಕ್ಕೆ ನಾವು ಬಳಸುವುದು ಸುತ್ತನ್ನೇ. ಸುತ್ತನ್ನು ಆಗಲೇ ಖರ್ಚು ಮಾಡಿಬಿಟ್ಟಿದ್ದೇನೆ. ಪಟ್ಟು ಅಂತ ಹಾಕಿ ನೋಡಿದೆ. ‘ನಾಲ್ಕು ಪಟ್ಟು ಹೊಡೆತ’ ಅಂದರೆ ನಾಲ್ಕರಷ್ಟು ಜೋರಾದ ಹೊಡೆತ ಅಂತಾಯಿತು! ಸದ್ಯಕ್ಕೆ ‘ಕೈ’ ಅಂತ ಇಟ್ಟಿದ್ದೇನೆ. ಇಸ್ಪೀಟಿನಲ್ಲಿ ಒಂದು ಕೈ ಆಡುತ್ತೇವೆ, ಜಗಳಕ್ಕೆ ನಿಂತರೆ ‘ಒಂದು ಕೈ ನೋಡೇ ಬಿಡೋಣ’ ಅನ್ನುತ್ತೇವೆ. ‘ಮೂರನೇ ಕೈಯಲ್ಲಿ ಹಡಗು ನಾಶವಾಯಿತು’. ಕಿವಿಗೆ ಹಿತವಾಗಿದೆಯೋ ಇಲ್ಲವೋ, ನನಗೆ ಈಗ ತಿಳಿಯುತ್ತಿಲ್ಲ. ಜಾಸ್ತಿ ಸಲ ಓದಿಬಿಟ್ಟಿದ್ದೇನೆ.

‘ಟರ್ನ್ ಬೇಸ್ಡ್’ಗೆ ‘ಸರದಿ ಆಧಾರಿತ’ ಅಂತ ಬರೆಯುವುದನ್ನು ನೋಡಿದ್ದೇನೆ. ಈ ‘ಆಧಾರಿತ’ದ ಸಹವಾಸ ನನಗೆ ಬೇಡ. ಸುತ್ತಿನ ಆಟ ಅಂದರೆ ಸಾಕು. ಅದರ ಎದುರಿನದು ‘ರಿಯಲ್ ಟೈಮ್’. ಇದನ್ನು ‘ನೈಜ ಸಮಯ’ ಅಂದವರು ಸುಳ್ಳು ಸಮಯ ಯಾವುದು ಅಂತಲೂ ಹೇಳಬೇಕು. ಅಲ್ಲಿ ಆಗುವುದು ಇಷ್ಟೇ: ನೀವು ಯೋಚಿಸುತ್ತಾ ಕೂತರೂ ಆಟ ನಿಲ್ಲುವುದಿಲ್ಲ. ಹಾಗಾಗಿ ‘ನಿಲ್ಲದ ಆಟ’. 2016ರ ‘ಸ್ಟೆಲಾರಿಸ್’ ಕೂಡ ಬಾಹ್ಯಾಕಾಶದ ಸಾಮ್ರಾಜ್ಯದ ಆಟವೇ. ಆದರೆ ಅದರಲ್ಲಿ ಸುತ್ತಿಲ್ಲ, ಕಾಲ ಓಡುತ್ತಲೇ ಇರುತ್ತದೆ, ಬೇಕಾದಾಗ ತಡೆದು ಅಪ್ಪಣೆ ಕೊಡಬಹುದು. ‘ತಡೆದು ಆಡುವ ಆಟ’ ಅನ್ನಬಹುದೇನೋ.

ಇನ್ನೊಂದು ಪದದ ಬಗ್ಗೆ ಸ್ವಲ್ಪ ಬೀಗಬೇಕಾಗಿದೆ, ಕ್ಷಮಿಸಿ. ಇಂಥ ಆಟಗಳಿಗೆ ‘ಫೋರ್ ಎಕ್ಸ್’ ಅನ್ನುತ್ತಾರೆ. 1993ರಲ್ಲಿ ಆಲನ್ ಎಮ್ರಿಚ್ ‘ಕಂಪ್ಯೂಟರ್ ಗೇಮಿಂಗ್ ವರ್ಲ್ಡ್’ ಪತ್ರಿಕೆಯಲ್ಲಿ ಇದೇ ‘ಮಾಸ್ಟರ್ ಆಫ್ ಓರಿಯನ್’ ಬಗ್ಗೆ ಬರೆಯುವಾಗ ಹುಟ್ಟಿಸಿದ ಹೆಸರು. ದೊಡ್ಡವರ ಸಿನಿಮಾಗಳಿಗೆ ಹಾಕುವ ಮೂರು ಎಕ್ಸ್ ಗುರುತಿನ ಮೇಲೆ ಇನ್ನೊಂದು ಎಕ್ಸ್ ಸೇರಿಸಿ ಮಾಡಿದ ಚೇಷ್ಟೆ. ಎಕ್ಸ್‌ಪ್ಲೋರ್, ಎಕ್ಸ್‌ಪ್ಯಾಂಡ್, ಎಕ್ಸ್‌ಪ್ಲಾಯ್ಟ್, ಎಕ್ಸ್‌ಟರ್ಮಿನೇಟ್. ಅನ್ವೇಷಣೆ, ವಿಸ್ತರಣೆ, ಶೋಷಣೆ, ನಿರ್ಮೂಲನೆ ಅಂತ ಬರೆದರೆ ಪರೀಕ್ಷೆಗೆ ಓದಿದ ಹಾಗಿರುತ್ತದೆ. ಶೋಷಣೆಯಂತೂ ಇಲ್ಲಿ ತಪ್ಪೇ. ಗ್ರಹದಲ್ಲಿರುವ ಅದಿರು, ಬೆಳೆ, ಜನರ ದುಡಿಮೆ ಎಲ್ಲದರಿಂದ ಆದಷ್ಟು ತೆಗೆಯುವುದು ಅಂತ ಅದರ ಅರ್ಥ. ಒಂದು ದಿನ ಪಾನಕಕ್ಕೆ ನಿಂಬೆಹಣ್ಣು ಹಿಂಡುತ್ತಿದ್ದಾಗ ಹೊಳೆಯಿತು: ಹುಡುಕು, ಹಬ್ಬು, ಹಿಂಡು, ಹೊಸಕು. ನಾಲ್ಕು ಹಕಾರ! ‘ನಾಲ್ಕು ಹ ಆಟ’ ಅಂದರೆ ನಾಲಿಗೆಗೂ ಸಲೀಸು. ಹಬ್ಬು ಬಳ್ಳಿಯ ಮಾತು. ನಕ್ಷೆಯ ಮೇಲೆ ಸಾಮ್ರಾಜ್ಯದ ಬಣ್ಣ ನಕ್ಷತ್ರದಿಂದ ನಕ್ಷತ್ರಕ್ಕೆ ಹೋಗುವುದೂ ಬಳ್ಳಿಯಂತೆಯೇ. ಹೊಸಕು ಸ್ವಲ್ಪ ಕ್ರೂರ ಅಂತ ಹೆಂಡತಿ ಅಂದಳು. ಇಂಗ್ಲಿಷಿನದು ಇನ್ನೂ ಕ್ರೂರ ಅಂದೆ.

‘ಕಾಲನಿ’ಗೆ ವಸಾಹತು ಅಂತ ಎಲ್ಲರೂ ಬರೆಯುತ್ತಾರೆ. ನನಗೆ ವಸಾಹತು ಅಂದರೆ ಒಂದು ಕಡೆ ಬ್ರಿಟಿಷರು, ಇನ್ನೊಂದು ಕಡೆ ಕೈಗಾರಿಕಾ ವಸಾಹತಿನ ಶೆಡ್ಡುಗಳು. ತುಂಗಭದ್ರಾ ನಾಲೆ ಬಂದ ಮೇಲೆ ಗಂಗಾವತಿ, ಸಿಂಧನೂರು ಕಡೆ ಹೊರಗಿನಿಂದ ಬಂದ ರೈತರು ಕಟ್ಟಿಕೊಂಡ ಊರುಗಳಿಗೆ ಜನ ‘ಕ್ಯಾಂಪ್’ ಅನ್ನುತ್ತಾರೆ. ಹೊಸ ನೆಲ, ಹೊಸ ನೀರು, ಹೊಸ ಜನ. ಆಟದ ‘ಕಾಲನಿ’ಗೆ ಇದಕ್ಕಿಂತ ಹತ್ತಿರದ್ದು ನನಗೆ ಸಿಕ್ಕಿಲ್ಲ. ಹೊರಗಿನವರಿಗೆ ಕ್ಯಾಂಪ್ ಅಂದರೆ ಕಣ್ಣಿನ ಪರೀಕ್ಷೆಯ ಶಿಬಿರ ನೆನಪಾದೀತು ಅನ್ನುವುದೊಂದೇ ಹೆದರಿಕೆ. ‘ಫ್ಲೀಟ್’ಗೆ ದಂಡು ಹಾಕಿದ್ದೇನೆ, ಅದರಲ್ಲಿ ನನಗೆ ಅನುಮಾನ ಇಲ್ಲ.

ಉಳಿದಿರುವುದು ಆ ಬಟನ್. ಫ್ರೀಓರಿಯನ್‌ನಲ್ಲಿ ಮೇಲೆ ಇರುವ ಒಂದೇ ಬಟನ್ ಎರಡು ಕೆಲಸ ಮಾಡುತ್ತದೆ. ಎಷ್ಟನೇ ಸುತ್ತು ಅಂತ ತೋರಿಸುತ್ತದೆ, ಒತ್ತಿದರೆ ಸುತ್ತು ಮುಗಿಸುತ್ತದೆ. ಅದಕ್ಕೆ ‘42ನೇ ಸುತ್ತು’ ಅಂತಲೇ ಇದೆ, ಸರಿ. ಆದರೆ ನಾಲ್ಕು ಜನ ಸೇರಿ ಆಡುವಾಗ ನಾನು ಒತ್ತಿದ ಮಾತ್ರಕ್ಕೆ ಸುತ್ತು ಮುಗಿಯುವುದಿಲ್ಲ. ನನ್ನ ಕೆಲಸ ಮುಗಿಯಿತು ಅಷ್ಟೇ, ಉಳಿದವರು ಒತ್ತುವವರೆಗೂ ಆಟ ನಿಂತಿರುತ್ತದೆ. ‘ಸುತ್ತು ಮುಗಿಸಿ’ ಅಂತ ಅದರ ವಿವರಣೆಯಲ್ಲಿ ಬರೆದರೆ ಸುಳ್ಳು ಹೇಳಿದ ಹಾಗೆ. ಅಕ್ಕನ ಮಗಳು ಊರಿಗೆ ಹೊರಡುವ ದಿನ ನನ್ನ ಚೀಟಿ ಕಿತ್ತು, ತನ್ನ ಕೈಬರಹದಲ್ಲಿ ಒಂದು ಅಂಟಿಸಿ ಹೋಗಿದ್ದಾಳೆ: ‘ನಂದಾಯ್ತು’.

ಇದಕ್ಕಿಂತ ಸರಿಯಾದ್ದು ನನಗೆ ಹೊಳೆಯುತ್ತಿಲ್ಲ. ಉಳಿದೆಲ್ಲ ಬಟನ್‌ಗಳೂ ‘ಉಳಿಸಿ’, ‘ತೆರೆಯಿರಿ’ ಅಂತ ಗಂಭೀರವಾಗಿ ನಿಂತಿರುವಾಗ ನಡುವೆ ಇದೊಂದು ಬಾಯಿಮಾತು ಒಪ್ಪುತ್ತದೆಯೇ? ‘ನನ್ನದಾಯಿತು’ ಅಂತ ತಿದ್ದಿದರೆ ಜೀವ ಹೋಗುತ್ತದೆಯೇ? ಮಂಗಳೂರು, ಉಡುಪಿ ಕಡೆಯವರು ಚೆನ್ನೆಮಣೆ ಆಡುವಾಗ ನಿಮ್ಮ ಕನ್ನಡದಲ್ಲಿ ಈ ‘ಟರ್ನ್’ಗೆ ಏನು ಅನ್ನುತ್ತೀರಿ, ಅದನ್ನೂ ತಿಳಿಸಿ. ಅಲ್ಲಿಯವರೆಗೆ ಅವಳ ಚೀಟಿ ಪರದೆ ಮೇಲೆ ಹಾಗೇ ಇರುತ್ತದೆ.